ಸ್ವಂತ ವೆಬ್‌ಸೈಟ್ ಹೊಸದಾಗಬೇಕಿಲ್ಲ, ಹಗುರಾಗಬೇಕು

ದೀಪದ ಬುಡದಲ್ಲಿ ಕತ್ತಲು ಎಂಬ ಮಾತಿಗೆ ವೆಬ್ ವಿನ್ಯಾಸಕರಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗಲಾರದು. ಊರಿನ ಅಂಗಡಿ, ಶಾಲೆ, ಆಸ್ಪತ್ರೆಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಟ್ಟವರ ಸ್ವಂತ ತಾಣದಲ್ಲಿ ಎಂದೋ ಮಾಡಿದ ಕೆಲಸವೇ ಕೊನೆಯದಾಗಿ ಕುಳಿತಿರುತ್ತದೆ. ಸಂಪರ್ಕದ ಫಾರ್ಮ್ ತುಂಬಿದರೆ ಅದು ಯಾವ ಇಮೇಲ್‌ಗೆ ಹೋಗುತ್ತದೆ ಎಂಬುದು ಅವರಿಗೇ ನೆನಪಿರುವುದಿಲ್ಲ. ನೋಡಿ ನೋಡಿ ಬೇಸರವಾದಾಗ ಅವರು ಮಾಡುವುದೊಂದೇ: ಇದ್ದುದನ್ನೆಲ್ಲ ಕಿತ್ತುಹಾಕಿ ಹೊಸ ವಿನ್ಯಾಸ ಆರಂಭಿಸುವುದು. ಅದೂ ಅರ್ಧಕ್ಕೆ ನಿಲ್ಲುತ್ತದೆ. ಅಷ್ಟರಲ್ಲಿ ಹಣ ಕೊಡುವ ಕೆಲಸ ಬಂದಿರುತ್ತದೆ.

ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಬ್ಬ ವಿನ್ಯಾಸಕಿ ವಿಜಯಪುರದ ಒಬ್ಬ ಒಣದ್ರಾಕ್ಷಿ ವ್ಯಾಪಾರಿಗೆ ತಮ್ಮ ತಾಣದ ಲಿಂಕ್ ಅನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಾರೆ ಎಂದುಕೊಳ್ಳಿ. ವ್ಯಾಪಾರಿ ಲ್ಯಾಪ್‌ಟಾಪ್ ಮುಂದೆ ಕುಳಿತಿಲ್ಲ. ಕೈಯಲ್ಲಿ ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್, ಎದುರಿಗೆ ತೂಕದ ಯಂತ್ರ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆ ಲಿಂಕ್ ಕೈಗೆ ಬಂದಾಗಿನಿಂದ ಪುಟ ಪೂರ್ತಿ ಕಾಣುವವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಹಿಂಬಾಲಿಸಿದರೆ ಸ್ವಂತ ತಾಣದಲ್ಲಿ ಯಾವುದನ್ನು ಸರಿಪಡಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಸಲ ಬೇಕಾಗಿರುವುದು ಹೊಸ ವಿನ್ಯಾಸವಲ್ಲ, ಭಾರ ಇಳಿಸುವುದು.

ಲಿಂಕ್ ಒತ್ತುವ ಮೊದಲೇ ವ್ಯಾಪಾರಿಯ ಕಣ್ಣಿಗೆ ಬೀಳುವುದು ವಾಟ್ಸ್ಆ್ಯಪ್ ತೋರಿಸುವ ಪುಟ್ಟ ಮುನ್ನೋಟ. ಒಂದು ಚಿತ್ರ, ಒಂದು ಶೀರ್ಷಿಕೆ, ಒಂದೆರಡು ಸಾಲಿನ ವಿವರ. ಇವು ಬರುವುದು ಪುಟದ ಎಚ್‌ಟಿಎಂಎಲ್ (ಪುಟ ಕಟ್ಟುವ ಸಂಕೇತ ಭಾಷೆ) ತಲೆಭಾಗದಲ್ಲಿ ಬರೆದಿಟ್ಟ ಓಪನ್ ಗ್ರಾಫ್ ಟ್ಯಾಗ್‌ಗಳಿಂದ. ಫೇಸ್‌ಬುಕ್ 2010ರಲ್ಲಿ ತಂದ ಈ ಪದ್ಧತಿಯನ್ನು ಈಗ ಸಂದೇಶದ ಆ್ಯಪ್‌ಗಳೆಲ್ಲ ಓದುತ್ತವೆ. ಟ್ಯಾಗ್ ಇಲ್ಲದಿದ್ದರೆ ಹೆಚ್ಚಾಗಿ ಚಿತ್ರವಿಲ್ಲದ ಬರಿಯ ವಿಳಾಸವೇ ಹೋಗುತ್ತದೆ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂದು ಬ್ಯಾಂಕಿನವರೂ ಪೊಲೀಸರೂ ಹೇಳುತ್ತಿರುವ ಕಾಲದಲ್ಲಿ ಅದನ್ನು ಯಾರು ಒತ್ತುತ್ತಾರೆ? ಚಿತ್ರ 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರ ಇರಲಿ. ಎರಡು ಸಂಗತಿ ಗಮನದಲ್ಲಿರಬೇಕು. ಮುನ್ನೋಟ ತಯಾರಿಸುವಾಗ ವಾಟ್ಸ್ಆ್ಯಪ್ ಪುಟದೊಳಗಿನ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮ್ ಓಡಿಸುವುದಿಲ್ಲ. ಪುಟ ತೆರೆದ ಮೇಲೆ ಸ್ಕ್ರಿಪ್ಟ್ ಮೂಲಕ ಸೇರುವ ಟ್ಯಾಗ್‌ಗಳು ಅದಕ್ಕೆ ಕಾಣುವುದೇ ಇಲ್ಲ. ಇನ್ನೊಂದು, ಮುನ್ನೋಟ ಸಿದ್ಧವಾಗುವುದು ಕಳಿಸುವವರ ಫೋನಿನಲ್ಲಿ. ನೀವು ಆಮೇಲೆ ಚಿತ್ರ ಬದಲಿಸಿದರೂ ಹಿಂದೆ ಹೋದ ಸಂದೇಶಗಳಲ್ಲಿ ಹಳೆಯದೇ ಉಳಿದಿರುತ್ತದೆ.

ಹೆಸರು ಮತ್ತು ದೂರ

ವ್ಯಾಪಾರಿ ಲಿಂಕ್ ಒತ್ತಿದರು. ಫೋನಿಗೆ ಹೆಸರು ಗೊತ್ತು, ಆ ಹೆಸರಿನ ಕಂಪ್ಯೂಟರ್ ಎಲ್ಲಿದೆ ಎಂಬುದು ಗೊತ್ತಿಲ್ಲ. ಹೆಸರು ಕೊಟ್ಟರೆ ಐಪಿ ವಿಳಾಸ, ಅಂದರೆ ಆ ಕಂಪ್ಯೂಟರಿನ ಅಂಕಿಯ ವಿಳಾಸ, ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದ ಈ ಏರ್ಪಾಡು ಇವತ್ತಿಗೂ ಇಂಟರ್ನೆಟ್ಟಿನ ಆಧಾರ. ಡೊಮೈನ್ ಮತ್ತು ಹೋಸ್ಟಿಂಗ್ ಎರಡೂ ಒಂದೇ ಎಂದು ತಿಳಿದವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಡೊಮೈನ್ ಎಂದರೆ ಅಂಗಡಿಯ ಬೋರ್ಡು, ಹೋಸ್ಟಿಂಗ್ ಎಂದರೆ ಬಾಡಿಗೆಯ ಮಳಿಗೆ. ಮಳಿಗೆ ಬದಲಿಸಿದರೆ ಬೋರ್ಡನ್ನು ಜೊತೆಗೇ ಒಯ್ಯಬಹುದು. ಬೋರ್ಡೇ ಇನ್ನೊಬ್ಬರ ಹೆಸರಿನಲ್ಲಿದ್ದರೆ ಮಾತ್ರ ಕಷ್ಟ. ಅದಕ್ಕೇ ಗ್ರಾಹಕರ ಡೊಮೈನ್‌ಗಳನ್ನು ಅವರ ಹೆಸರಿನಲ್ಲೇ, ಅವರ ಖಾತೆಯಲ್ಲೇ ನೋಂದಾಯಿಸಬೇಕು. ವಿನ್ಯಾಸಕರ ಖಾತೆಯಲ್ಲಿ ಇಟ್ಟುಕೊಂಡು ಗ್ರಾಹಕರನ್ನು ಕಟ್ಟಿಹಾಕುವುದು ವ್ಯಾಪಾರದ ಜಾಣತನ ಎಂದು ಕೆಲವರು ತಿಳಿದಿದ್ದಾರೆ. ನನಗದು ಬರಿಯ ಸಣ್ಣತನವಾಗಿ ಕಾಣುತ್ತದೆ.

ಡಾಟ್ ಇನ್ ಹೆಸರುಗಳ ಉಸ್ತುವಾರಿ ನಿಕ್ಸಿ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ಸಂಸ್ಥೆಯದು. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಒಮ್ಮೆಗೇ ನೋಂದಾಯಿಸಬಹುದು. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಎಂದು ಮುಗಿಯುವ ಹೆಸರುಗಳೂ ಇವೆ. ಒಳಗೊಳಗೆ ಅವು ‘ಎಕ್ಸ್‌ಎನ್’ ಎಂದು ಆರಂಭವಾಗುವ ರೋಮನ್ ಅಕ್ಷರಗಳ ಸರವಾಗಿ ಬದಲಾಗುತ್ತವೆ, ಎಷ್ಟೋ ಫಾರ್ಮ್‌ಗಳು ಅಂಥ ಇಮೇಲ್ ವಿಳಾಸವನ್ನು ತಿರಸ್ಕರಿಸುತ್ತವೆ. ಅಭಿಮಾನಕ್ಕೆ ಒಂದು ಇರಲಿ, ವ್ಯವಹಾರ ಡಾಟ್ ಇನ್ ಮೇಲೆ ನಡೆಯಲಿ. ನವೀಕರಣದ ವಿಷಯದಲ್ಲಿ ಒಂದು ಬಲೆ ಇದೆ. ನೋಂದಣಿ ಖಾತೆಗೆ ಕೊಟ್ಟ ಇಮೇಲ್ ಅದೇ ಡೊಮೈನ್‌ನದಾಗಿದ್ದರೆ, ಅವಧಿ ಮುಗಿದು ಡೊಮೈನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ. ಆಮೇಲಿನ ಎಚ್ಚರಿಕೆಯ ಪತ್ರಗಳು ನಿಮಗೆ ತಲುಪುವುದೇ ಇಲ್ಲ. ಆ ಖಾತೆಗೆ ಬೇರೆ ಇಮೇಲ್ ಕೊಡಿ, ಹಣ ತಾನಾಗಿ ಕಟ್ಟಾಗುವ ವ್ಯವಸ್ಥೆ ಮಾಡಿ, ಕಾರ್ಡಿನ ಅವಧಿ ಮುಗಿಯುವ ತಿಂಗಳನ್ನೂ ಬರೆದಿಟ್ಟುಕೊಳ್ಳಿ.

ಇನ್ನು ದೂರದ ಲೆಕ್ಕ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ತಾಣ ಇಟ್ಟಿರುವ ಕಂಪ್ಯೂಟರ್, ಅಂದರೆ ಸರ್ವರ್, ಅಮೆರಿಕದಲ್ಲಿದ್ದು ದೂರ 13,000 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು 26,000 ಕಿಲೋಮೀಟರ್, ಅಂದರೆ 130 ಮಿಲಿಸೆಕೆಂಡ್. ಸುರಕ್ಷಿತ ಪುಟ ತೆರೆಯಲು ಒಂದೇ ಸುತ್ತು ಸಾಲದು. ಸಂಪರ್ಕ ಕೂಡಿಸಲು ಒಂದು ಸುತ್ತು, ಗೂಢಲಿಪಿಯ ಕೀಲಿ ಹೊಂದಿಸಲು ಇನ್ನೊಂದು, ಪುಟ ಕೇಳಿ ಪಡೆಯಲು ಮತ್ತೊಂದು. ಏನೂ ಕಾಣುವ ಮೊದಲೇ 400 ಮಿಲಿಸೆಕೆಂಡ್ ಹತ್ತಿರವಾಯಿತು. ಇದು ಭೌತಶಾಸ್ತ್ರ ಒಪ್ಪುವ ಕನಿಷ್ಠ. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಅದೇ ಸರ್ವರ್ ಐನೂರು ಕಿಲೋಮೀಟರ್ ಆಚೆ ಮುಂಬೈಯಲ್ಲಿದ್ದರೆ ಮೂರೂ ಸುತ್ತು ಸೇರಿ ತಂತಿಯ ಪಯಣಕ್ಕೆ 15 ಮಿಲಿಸೆಕೆಂಡ್ ಸಾಕು. ಹೋಸ್ಟಿಂಗ್ ಕೊಳ್ಳುವಾಗ ಬೆಲೆಯ ಜೊತೆಗೆ ‘ಸರ್ವರ್ ಎಲ್ಲಿದೆ’ ಎಂದು ಕೇಳಿ. ತಾಣದ ಪ್ರತಿಯೊಂದನ್ನು ಮುಂಬೈಯಲ್ಲಿ ಇಟ್ಟುಕೊಳ್ಳುವ ಸಿಡಿಎನ್ ಸೇವೆಯಾದರೂ ಸರಿ.

ಸುರಕ್ಷತೆಯ ಪ್ರಮಾಣಪತ್ರಕ್ಕೆ ಹಣ ಕೊಡಬೇಕಾದ ಕಾಲ ಹೋಯಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಒಳ್ಳೆಯ ಹೋಸ್ಟಿಂಗ್‌ನಲ್ಲಿ ಅದು ತಾನಾಗಿ ನವೀಕರಣವಾಗುತ್ತದೆ. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಪ್ರಮಾಣಪತ್ರವಿಲ್ಲದ ತಾಣಗಳನ್ನೆಲ್ಲ ಅಸುರಕ್ಷಿತ ಎಂದೇ ತೋರಿಸುತ್ತಿದೆ. ವಿನ್ಯಾಸಕರ ಸ್ವಂತ ತಾಣದ ಮೇಲೆ ಆ ಪದ ಕಂಡರೆ ಮುಂದಿನ ಮಾತೇ ಇಲ್ಲ.

ತಾಣ ಕಟ್ಟಿ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಬೇಕೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಬಹುದು. ದಿನವೂ ಬರೆಯುವವರಿಗೆ, ಹಲವರು ಸೇರಿ ನಡೆಸುವ ತಾಣಕ್ಕೆ ಅದು ಒಳ್ಳೆಯ ಸಾಧನ. ಐದಾರು ಪುಟದ ವೈಯಕ್ತಿಕ ತಾಣಕ್ಕೆ ಡೇಟಾಬೇಸ್, ಲಾಗಿನ್ ಪುಟ, ಹತ್ತಾರು ಪ್ಲಗಿನ್ (ಅದಕ್ಕೆ ಜೋಡಿಸುವ ಪುಟ್ಟ ತಂತ್ರಾಂಶ) ಇವೆಲ್ಲ ಕಾವಲು ಕಾಯಬೇಕಾದ ಬಾಗಿಲುಗಳೇ ಹೊರತು ಸೌಕರ್ಯವಲ್ಲ. ಸಿದ್ಧ ಎಚ್‌ಟಿಎಂಎಲ್ ಫೈಲ್‌ಗಳ ತಾಣ ವೇಗವಾಗಿ ತೆರೆಯುತ್ತದೆ, ಮುರಿಯುವ ಭಾಗಗಳೂ ಕಡಿಮೆ. ವರ್ಡ್‌ಪ್ರೆಸ್ಸೇ ಇದ್ದರೆ ಬಳಸದ ಪ್ಲಗಿನ್‌ಗಳನ್ನು ನಿಲ್ಲಿಸಿದರೆ ಸಾಲದು, ಅಳಿಸಬೇಕು. ಬ್ಯಾಕಪ್ ಅದೇ ಸರ್ವರ್‌ನಲ್ಲಿದ್ದರೆ ಸರ್ವರ್ ಹೋದ ದಿನ ಬ್ಯಾಕಪ್ಪೂ ಹೋಗುತ್ತದೆ.

ಸೆರಗಿನ ಕೆಂಪು ಏಕೆ ಕಲೆಸಿತು

ಪುಟದ ಭಾರದ ಬಹುಪಾಲು ಚಿತ್ರಗಳದೇ. ಲೆಕ್ಕ ಸರಳ. ಹನ್ನೆರಡು ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದ ಫೋಟೊ 4000 ಪಿಕ್ಸೆಲ್ ಅಗಲ, 3000 ಎತ್ತರ. ಫೈಲ್ ನಾಲ್ಕು ಮೆಗಾಬೈಟ್ ಎಂದಿಟ್ಟುಕೊಳ್ಳಿ. ಒಂದು ಬೈಟ್‌ಗೆ ಎಂಟು ಬಿಟ್, ಆದ್ದರಿಂದ ಅದು 32 ಮೆಗಾಬಿಟ್. ಮಾರುಕಟ್ಟೆಯ ಗದ್ದಲದಲ್ಲಿ ಸೆಕೆಂಡಿಗೆ ನಾಲ್ಕು ಮೆಗಾಬಿಟ್ ವೇಗ ಸಿಕ್ಕರೆ ಒಂದೇ ಚಿತ್ರ ಇಳಿಯಲು ಎಂಟು ಸೆಕೆಂಡ್ ಬೇಕು. ವ್ಯಾಪಾರಿಯ ಫೋನಿನ ಪರದೆ ಇರುವುದೇ 1080 ಪಿಕ್ಸೆಲ್ ಅಗಲ. ಕಾಣಿಸಬಹುದಾದುದಕ್ಕಿಂತ ಹದಿಮೂರು ಪಟ್ಟಿಗೂ ಹೆಚ್ಚು ಪಿಕ್ಸೆಲ್‌ಗಳನ್ನು ಇಳಿಸಿಕೊಂಡು ಫೋನ್ ಅವನ್ನು ಎಸೆಯುತ್ತದೆ. ಪ್ರತಿ ಚಿತ್ರವನ್ನೂ ಮೂರು ಅಳತೆಯಲ್ಲಿ ಇಟ್ಟು, ಪರದೆಗೆ ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳುವಂತೆ ಚಿತ್ರದ ಟ್ಯಾಗಿನಲ್ಲಿ ‘ಎಸ್‌ಆರ್‌ಸಿಸೆಟ್’ ಎಂಬ ಗುಣ ಬರೆದರೆ ಈ ಹೊರೆ ಇಳಿಯುತ್ತದೆ. ಕೆಳಗಿನ ಚಿತ್ರಗಳು ಬೆರಳು ಸರಿಸಿದಾಗ ಮಾತ್ರ ಬರಲಿ. ಮೊದಲ ಪರದೆಯ ಚಿತ್ರಕ್ಕೆ ಮಾತ್ರ ಆ ತಡ ಹಾಕಬಾರದು.

ಇಷ್ಟನ್ನು ಯಾವ ಪಾಠದಲ್ಲಾದರೂ ಓದಬಹುದು. ನಮ್ಮ ಭಾಗದ ಕೆಲಸದಲ್ಲಿ ಎದುರಾಗುವ ತೊಡಕು ಬೇರೆಯೇ ಇದೆ. ಬಾಗಲಕೋಟೆ ಜಿಲ್ಲೆಯ ವಿನ್ಯಾಸಕರ ಕೆಲಸದ ಪಟ್ಟಿಯಲ್ಲಿ ಇಳಕಲ್ ಸೀರೆಯದೋ ಗುಳೇದಗುಡ್ಡ ಖಣದ್ದೋ ಅಂಗಡಿ ಒಂದಾದರೂ ಇರುತ್ತದೆ. ಇಳಕಲ್ ಸೀರೆಯ ಸೆರಗು ಕಡುಗೆಂಪು, ಅದರ ಮೇಲೆ ಟೋಪಿ ತೆನಿ ಎಂಬ ವಿನ್ಯಾಸದ ಬಿಳಿ ಹಲ್ಲುಗಳು. ಕ್ಯಾಮೆರಾದಲ್ಲಿ ಚೆನ್ನಾಗಿದ್ದ ಫೋಟೊ ವೆಬ್‌ಸೈಟಿಗೆ ಏರಿಸಿದ ಮೇಲೆ ಕೆಂಪು ಬಿಳಿಗಳ ಗೆರೆ ಕಲೆಸಿದಂತೆ, ಬಣ್ಣ ಸೋರಿದಂತೆ ಕಾಣುತ್ತದೆ. ನೇಕಾರರು ಮೊದಲು ಕೇಳುವ ಪ್ರಶ್ನೆ, ನಮ್ಮ ಬಣ್ಣ ಬಿಟ್ಟುಕೊಂಡಂತೆ ಏಕೆ ತೋರಿಸಿದ್ದೀರಿ ಎಂದು.

ಕಾರಣ ಇದು. ಜೆಪೆಗ್ ಪದ್ಧತಿ ಚಿತ್ರವನ್ನು ಬೆಳಕು ಮತ್ತು ಬಣ್ಣ ಎಂದು ಬೇರ್ಪಡಿಸಿ ಇಡುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿಯುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಹಿಡಿಯುವುದಿಲ್ಲ. ಆ ದೌರ್ಬಲ್ಯವನ್ನು ಬಳಸಿಕೊಂಡು, ಎರಡು ಅಡ್ಡ ಎರಡು ಉದ್ದ ಹೀಗೆ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿಸಿ ಒಂದೇ ಬಣ್ಣದ ಮಾಹಿತಿ ಇಟ್ಟು ಜಾಗ ಉಳಿಸುತ್ತಾರೆ. ಇದನ್ನು 4:2:0 ಎನ್ನುತ್ತಾರೆ. ಮುಖ, ಮರ, ಮುಗಿಲಿನ ಚಿತ್ರಗಳಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗಾಢ ಕೆಂಪಿನ ಪಕ್ಕಕ್ಕೇ ಬಿಳಿಯ ಚೂಪು ಅಂಚು ಬಂದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ, ಏಕೆಂದರೆ ಅಲ್ಲಿ ನಾಲ್ಕು ಪಿಕ್ಸೆಲ್‌ಗಳ ಸರಾಸರಿ ಬಣ್ಣ ಆಚೀಚೆ ಹರಡುತ್ತದೆ. ಉಳಿಸುವಾಗ ಪ್ರತಿ ಪಿಕ್ಸೆಲ್ಲಿಗೂ ಅದರದೇ ಬಣ್ಣದ ಮಾಹಿತಿ ಇಡುವ 4:4:4 ಆರಿಸಿದರೆ ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ತೆನಿಯ ಹಲ್ಲು ಚೂಪಾಗಿಯೇ ಉಳಿಯುತ್ತದೆ. ಎಲ್ಲರೂ ಹೊಗಳುವ ವೆಬ್‌ಪಿ ಎಂಬ ಚಿತ್ರ ಮಾದರಿಯ ನಷ್ಟಸಹಿತ ಸಂಕೋಚನದಲ್ಲಿ (ಸ್ವಲ್ಪ ವಿವರ ಬಿಟ್ಟು ಫೈಲ್ ಕುಗ್ಗಿಸುವುದರಲ್ಲಿ) ಈ ಆಯ್ಕೆಯೇ ಇಲ್ಲ, ಅದು ಯಾವಾಗಲೂ 4:2:0. ಎವಿಐಎಫ್ ಎಂಬ ಚಿತ್ರ ಮಾದರಿಯಲ್ಲಿ ಈ ಆಯ್ಕೆ ಇದೆ. ಒಣದ್ರಾಕ್ಷಿಯ ಫೋಟೊಕ್ಕೆ ವೆಬ್‌ಪಿ ಸಾಕು, ಸೆರಗಿಗೆ ಬೇಡ.

ಖಣದ ಸಣ್ಣ ಬುಟ್ಟಾ, ಸೀರೆಯ ಒಡಲಿನ ಸಣ್ಣ ಚೌಕಳಿ ಇನ್ನೊಂದು ಆಟ ಆಡುತ್ತವೆ. ಚಿತ್ರ ಕುಗ್ಗಿಸಿದಾಗ ನೇಯ್ಗೆಯ ಗೆರೆಗಳ ಅಂತರ ಪಿಕ್ಸೆಲ್‌ಗಳ ಅಂತರಕ್ಕೆ ಹತ್ತಿರವಾಗಿ, ಬಟ್ಟೆಯಲ್ಲಿ ಇಲ್ಲದ ಅಲೆಯಲೆಯ ಪಟ್ಟೆಗಳು ಪರದೆಯಲ್ಲಿ ಮೂಡುತ್ತವೆ. ದೊಡ್ಡ ಚಿತ್ರವನ್ನು ಬ್ರೌಸರಿಗೆ ಕೊಟ್ಟು ಅದೇ ಕುಗ್ಗಿಸಿಕೊಳ್ಳಲಿ ಎಂದು ಬಿಟ್ಟರೆ ಈ ತೊಂದರೆ ಹೆಚ್ಚು. ಬೇಕಾದ ಅಳತೆಗೆ ನಾವೇ ಒಳ್ಳೆಯ ಸಾಧನದಲ್ಲಿ ಕುಗ್ಗಿಸಿಡಬೇಕು. ಅದಕ್ಕಿಂತ ಒಳ್ಳೆಯದು ಇಡೀ ಸೀರೆಯ ಒಂದು ಚಿತ್ರದ ಪಕ್ಕದಲ್ಲಿ ಎಳೆ ಎಳೆ ಕಾಣುವಂತೆ ಹತ್ತಿರದಿಂದ ತೆಗೆದ ಇನ್ನೊಂದನ್ನು ಇಡುವುದು. ಕೊಳ್ಳುವವರಿಗೆ ಬೇಕಾಗಿರುವುದೂ ಅದೇ.

ಕನ್ನಡ ಅಕ್ಷರಕ್ಕೆ ಜಾಗ ಬೇಕು

ಎಲ್ಲ ಭಾಷೆಗಳ ಅಕ್ಷರಕ್ಕೂ ಸಂಕೇತ ಕೊಡುವ ಪದ್ಧತಿ ಯುನಿಕೋಡ್. ಅದರಲ್ಲಿ ಕನ್ನಡದ ಪ್ರತಿಯೊಂದು ಸಂಕೇತ, ವೆಬ್‌ನಲ್ಲಿ ಇಡುವ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ತಿನ್ನುತ್ತದೆ. ‘ಬೆಳಗಾವಿ’ ಎಂಬ ಪದಕ್ಕೆ ಏಳು ಸಂಕೇತ, 21 ಬೈಟ್. ಆದರೂ ಭಾರದ ಚಿಂತೆ ಬೇಡ. ಒಂದು ಚಿತ್ರ ತೆಗೆದರೆ ಸಿಗುವ ಜಾಗದಲ್ಲಿ ಒಂದು ಪುಸ್ತಕದ ಅಧ್ಯಾಯವೇ ಹಿಡಿಯುತ್ತದೆ. ಭಾರವಿರುವುದು ಫಾಂಟಿನಲ್ಲಿ. ಒತ್ತಕ್ಷರ, ಗುಣಿತಾಕ್ಷರಗಳ ನೂರಾರು ರೂಪಗಳನ್ನು ಹೊತ್ತ ಕನ್ನಡ ಫಾಂಟು ಇಂಗ್ಲಿಷ್ ಫಾಂಟಿಗಿಂತ ದೊಡ್ಡದು. ಆಂಡ್ರಾಯ್ಡ್ ಫೋನ್‌ಗಳಲ್ಲಿ ನೋಟೊ ಸಾನ್ಸ್ ಕನ್ನಡ ಸಾಮಾನ್ಯವಾಗಿ ಮೊದಲೇ ಇರುವುದರಿಂದ ಒಡಲ ಬರಹಕ್ಕೆ ಫೋನಿನ ಫಾಂಟನ್ನೇ ಬಿಟ್ಟು, ಶೀರ್ಷಿಕೆಗಳಿಗೆ ಮಾತ್ರ ಬಾಲೂ ತಮ್ಮ, ಅನೇಕ್ ಕನ್ನಡದಂಥ ಒಂದು ಫಾಂಟ್ ಇಳಿಸುವುದು ಹದವಾದ ದಾರಿ.

ಇಂಗ್ಲಿಷಿಗೆಂದು ಬರೆದ ಸಿಎಸ್‌ಎಸ್ (ಪುಟದ ಅಂದ ನಿರ್ಧರಿಸುವ) ನಿಯಮಗಳು ಕನ್ನಡದ ಮೇಲೆ ಸವಾರಿ ಮಾಡುವುದನ್ನು ಎಷ್ಟೋ ತಾಣಗಳಲ್ಲಿ ನೋಡಬಹುದು. ಸಾಲಿನ ಎತ್ತರ ಇಂಗ್ಲಿಷಿಗೆ ಅಕ್ಷರದ ಗಾತ್ರದ 1.4 ಪಟ್ಟು ಇದ್ದರೆ ನಡೆಯುತ್ತದೆ. ಕನ್ನಡದ ಒತ್ತುಗಳು ಕೆಳಗಿಳಿಯುವುದರಿಂದ 1.6ರಿಂದ 1.8 ಬೇಕು. ಎತ್ತರ ಕಟ್ಟಿಹಾಕಿದ ಬಟನ್ನಿನೊಳಗೆ ‘ವಸ್ತ್ರ ಭಂಡಾರ’ ಎಂದು ಬರೆದು ನೋಡಿ, ಸಕಾರದ ಕೆಳಗಿನ ಎರಡು ಒತ್ತುಗಳಲ್ಲಿ ಒಂದು ಕತ್ತರಿಸಿಹೋಗಿರುತ್ತದೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಶೋಕಿ ಕನ್ನಡದಲ್ಲಿ ಪದವನ್ನೇ ಒಡೆಯುತ್ತದೆ. ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಓರೆ ಅಕ್ಷರವೇ ಇರುವುದಿಲ್ಲ. ಬ್ರೌಸರ್ ನೇರ ಅಕ್ಷರವನ್ನೇ ಬಲವಂತವಾಗಿ ಓರೆಯಾಗಿಸುತ್ತದೆ. ಒತ್ತು ಕೊಡಲು ದಪ್ಪ ಅಕ್ಷರ ಬಳಸಿ.

ಗ್ರಾಹಕರು ಕಳಿಸುವ ಬರಹದ್ದು ಬೇರೆ ಕಥೆ. ಮುದ್ರಣಾಲಯದಲ್ಲಿ ಡಿಟಿಪಿ ಮಾಡಿದ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫೈಲಿನಲ್ಲಿ ಕನ್ನಡದಂತೆ ಕಾಣುವುದು ವೆಬ್‌ಸೈಟಿಗೆ ಅಂಟಿಸಿದ ಕೂಡಲೇ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗುತ್ತದೆ. ಅಲ್ಲಿ ಇದ್ದದ್ದು ರೋಮನ್ ಸಂಕೇತಗಳೇ, ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿತ್ತು ಅಷ್ಟೆ. ಪರಿವರ್ತಕದಿಂದ ಯುನಿಕೋಡಿಗೆ ಬದಲಿಸಬೇಕು, ಬದಲಿಸಿದ ಮೇಲೆ ಅರ್ಕಾವೊತ್ತುಗಳನ್ನು ಕಣ್ಣಿಟ್ಟು ಓದಬೇಕು. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ; ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲು ಬರುತ್ತದೆ. ಪರಿವರ್ತಕ ಎಡವಿದರೆ ಕರ್ನಾಟಕ ‘ಕನಾರ್ಟಕ’ವಾಗಿ, ಕಾರ್ಯಕ್ರಮ ‘ಕಾಯರ್ಕ್ರಮ’ವಾಗಿ ಪ್ರಕಟವಾಗುತ್ತದೆ.

ಬೆಳಗಾವಿಯಲ್ಲಿ ಕೆಲಸ ಮಾಡುವವರಿಗೆ ಮೂರು ಭಾಷೆಯ ತಾಣ ಹೊಸದಲ್ಲ. ಪುಟದ ‘ಲ್ಯಾಂಗ್’ ಗುಣದಲ್ಲಿ ಯಾವ ಭಾಷೆ ಎಂದು ಬರೆಯುವುದನ್ನು ಮಾತ್ರ ಬಹಳಷ್ಟು ಮಂದಿ ಮರೆಯುತ್ತಾರೆ. ಅಂಧರ ಪರದೆವಾಚಕ ಆ ಗುರುತನ್ನು ನೋಡಿ ಉಚ್ಚಾರ ಬದಲಿಸುತ್ತದೆ. ಮರಾಠಿಯ ಲ ಮತ್ತು ಶ ಅಕ್ಷರಗಳ ರೂಪ ಹಿಂದಿಯವಕ್ಕಿಂತ ಬೇರೆ; ಮರಾಠಿ ಎಂದು ಗುರುತಿಸಿದರೆ, ಆ ಸೌಲಭ್ಯವಿರುವ ಫಾಂಟು ಮರಾಠಿ ರೂಪವನ್ನೇ ತೋರಿಸುತ್ತದೆ. ಹುಡುಕಾಟದ ಕಡೆಗೂ ಒಂದು ಮಾತು. 2014ರ ನವೆಂಬರ್ 1ರಂದು ಊರುಗಳ ಇಂಗ್ಲಿಷ್ ಹೆಸರು ಬದಲಾದರೂ ಬೆಳಗಾಂ, ಬಿಜಾಪುರ ಎಂದು ಟೈಪ್ ಮಾಡುವವರು ಇನ್ನೂ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರವೂ ಇದೆ. ವಿಳಾಸದ ಸಾಲಿನಲ್ಲಿ ಜಿಲ್ಲೆಯ ಹೆಸರು ಬರಲಿ, ಹಳೆಯ ಹೆಸರೂ ಒಂದು ಕಡೆ ಸಹಜವಾಗಿ ಇರಲಿ.

ತೆರೆದ ಮೇಲೆ

ಪುಟ ತೆರೆಯಿತು. ವ್ಯಾಪಾರಿ ಕರೆ ಮಾಡುವ ಬಟನ್ ಒತ್ತಲು ಹೋದಾಗ ಮೇಲಿನ ಚಿತ್ರ ತಡವಾಗಿ ಇಳಿದು ಪುಟ ಕೆಳಗೆ ಜಾರುತ್ತದೆ, ಬೆರಳು ಬೇರೆ ಕಡೆ ಬೀಳುತ್ತದೆ. ಚಿತ್ರದ ಟ್ಯಾಗಿನಲ್ಲಿ ಅಗಲ, ಎತ್ತರ ಬರೆಯದಿದ್ದುದೇ ಇದಕ್ಕೆ ಕಾರಣ. ಬರೆದಿದ್ದರೆ ಬ್ರೌಸರ್ ಮೊದಲೇ ಜಾಗ ಬಿಟ್ಟಿರುತ್ತಿತ್ತು. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಬಿಸಿಲಿನಲ್ಲಿ ಮಾಯವಾಗುತ್ತದೆ. ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ ಇರಬೇಕೆಂದು, ವೆಬ್ ಎಲ್ಲರಿಗೂ ಬಳಸಲು ಬರಬೇಕೆಂಬ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. ಅದು ದೃಷ್ಟಿ ಮಂದವಿರುವವರಿಗೆಂದು ಹಾಕಿದ ಗೆರೆ. ವಿಜಯಪುರದ ಏಪ್ರಿಲ್ ತಿಂಗಳಲ್ಲಿ ಎಲ್ಲರಿಗೂ ಅನ್ವಯಿಸುತ್ತದೆ.

ಇಲ್ಲಿಗೆ ಯಂತ್ರದ ಪಾಲು ಮುಗಿಯಿತು, ಓದುವವರ ಪಾಲು ಶುರು. ಇಪ್ಪತ್ತು ಕೆಲಸಗಳ ಚಿತ್ರಗಳನ್ನು ಸಾಲಾಗಿ ಜೋಡಿಸಿದ ಪುಟ ಇನ್ನೊಬ್ಬ ವಿನ್ಯಾಸಕರನ್ನು ಮೆಚ್ಚಿಸಬಹುದು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನ ಹೈಡ್ರಾಲಿಕ್ ಬಿಡಿಭಾಗ ತಯಾರಕರಿಗೆ ಬೇಕಾಗಿರುವುದು ಮೂರೇ ಕೆಲಸಗಳ ಪೂರ್ತಿ ವಿವರ: ಗ್ರಾಹಕರಿಗೆ ಏನು ತೊಂದರೆಯಿತ್ತು, ನೀವು ಏನು ಮಾಡಿದಿರಿ, ಯಾವುದನ್ನು ಬೇಡವೆಂದಿರಿ, ಎಷ್ಟು ವಾರ ಹಿಡಿಯಿತು. ದರದ ಬಗ್ಗೆ ಕನಿಷ್ಠ ಮಟ್ಟವನ್ನಾದರೂ ಬರೆಯಿರಿ, ಅರ್ಧದಷ್ಟು ವ್ಯರ್ಥ ಕರೆಗಳು ನಿಲ್ಲುತ್ತವೆ. ಹಳೆಯ ಕೆಲಸಗಳ ಲಿಂಕ್‌ಗಳನ್ನು ಆಗಾಗ ಒತ್ತಿ ನೋಡಿ. ಗ್ರಾಹಕರು ನವೀಕರಿಸದೆ ಬಿಟ್ಟ ಡೊಮೈನನ್ನು ಜೂಜಿನ ತಾಣದವರು ಕೊಂಡಿದ್ದರೆ ನಿಮ್ಮ ಹೆಮ್ಮೆಯ ಶಾಲೆಯ ವೆಬ್‌ಸೈಟ್ ಈಗ ಇಸ್ಪೀಟು ತೋರಿಸುತ್ತಿರುತ್ತದೆ. ಕೆಲಸ ಮುಗಿದ ದಿನವೇ ಪುಟಗಳ ಚಿತ್ರ ತೆಗೆದಿಟ್ಟುಕೊಂಡರೆ ಲಿಂಕ್ ಕಿತ್ತುಹಾಕಿದರೂ ಕೆಲಸದ ಗುರುತು ಉಳಿಯುತ್ತದೆ.

ಅಳತೆಗೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಜಾರಾಟದ ಅಂಕ 0.1 ಮೀರಬಾರದು, ಬೆರಳು ತಾಗಿದ 200 ಮಿಲಿಸೆಕೆಂಡಿನೊಳಗೆ ಪುಟ ಪ್ರತಿಕ್ರಿಯಿಸಬೇಕು. ಈ ಕೊನೆಯ ಅಳತೆ ಗೂಗಲ್‌ನ ಮುಖ್ಯ ಅಳತೆಗಳ ಪಟ್ಟಿಗೆ ಸೇರಿದ್ದು 2024ರ ಮಾರ್ಚ್‌ನಲ್ಲಿ. ಕಡಿಮೆ ಜನ ನೋಡುವ ವೈಯಕ್ತಿಕ ತಾಣಕ್ಕೆ ನಿಜ ಬಳಕೆದಾರರ ಅಂಕಿಗಳು ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಕಾಣುವುದು ಪ್ರಯೋಗಶಾಲೆಯ ಅಂದಾಜು. ನೂರಕ್ಕೆ ನೂರು ಅಂಕದ ಹಿಂದೆ ಬೀಳುವ ಬದಲು ಮನೆಯವರ ಹಳೆಯ ಫೋನಿನಲ್ಲಿ ವೈಫೈ ಆರಿಸಿ ಪುಟ ತೆರೆದು ನೋಡಿ, ಸಂಪರ್ಕದ ಫಾರ್ಮ್ ನೀವೇ ತುಂಬಿ ಅದು ಸ್ಪ್ಯಾಮ್ ಡಬ್ಬಿಗೆ ಬಿತ್ತೋ ಹೇಗೆ ಎಂದು ಪರೀಕ್ಷಿಸಿ.

ಇಷ್ಟೆಲ್ಲ ಆದ ಮೇಲೂ ಹೊಸ ವಿನ್ಯಾಸ ಬೇಕೆನಿಸಿದರೆ ಮಾಡಿ, ಹಳೆಯದನ್ನು ಕೆಡವದೆ ಉಪಡೊಮೈನ್ ಒಂದರಲ್ಲಿ (ಅದೇ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿದ ವಿಳಾಸದಲ್ಲಿ) ಕಟ್ಟಿ, ಹುಡುಕಾಟಕ್ಕೆ ಸಿಗದಂತೆ ಮುಚ್ಚಿಡಿ. ಹೋಸ್ಟಿಂಗ್ ಕೂಡ ಬದಲಾಗುವುದಾದರೆ ಒಂದೆರಡು ದಿನ ಮೊದಲೇ ಡಿಎನ್‌ಎಸ್‌ನ ಟಿಟಿಎಲ್ ಮೌಲ್ಯವನ್ನು (ವಿಳಾಸವನ್ನು ಎಷ್ಟು ಹೊತ್ತು ನೆನಪಿಡಬೇಕೆಂದು ಹೇಳುವ ಅಂಕಿ) 86,400 ಸೆಕೆಂಡಿನಿಂದ 300ಕ್ಕೆ ಇಳಿಸಿ. ಹಾಗೆ ಮಾಡಿದರೆ ಹೊಸ ಸರ್ವರಿನ ವಿಳಾಸ ಒಂದು ದಿನದ ಬದಲು ಐದು ನಿಮಿಷದಲ್ಲಿ ಬಹುತೇಕ ಎಲ್ಲ ಕಡೆ ಹರಡುತ್ತದೆ. ಪುಟಗಳ ವಿಳಾಸ ಬದಲಾಗಿದ್ದರೆ ಪ್ರತಿ ಹಳೆಯ ವಿಳಾಸದಿಂದ ಅದರ ಹೊಸ ಪುಟಕ್ಕೆ 301 ಮರುನಿರ್ದೇಶನ (ಪುಟ ಶಾಶ್ವತವಾಗಿ ಸ್ಥಳ ಬದಲಿಸಿದೆ ಎಂಬ ಸೂಚನೆ) ಬರೆಯಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವ ಸೋಮಾರಿತನ ಬೇಡ; ಸೀರೆ ಅಂಗಡಿಯ ಕೆಲಸ ನೋಡಲು ಬಂದವರನ್ನು ಮುಖಪುಟದಲ್ಲಿ ಬಿಟ್ಟರೆ ಅವರು ಹುಡುಕಿಕೊಂಡು ಹೋಗುವುದಿಲ್ಲ. ಆ ಮರುನಿರ್ದೇಶನಗಳನ್ನು ಕನಿಷ್ಠ ಒಂದು ವರ್ಷ ತೆಗೆಯಬಾರದು.